ಮಳೆಮಾಪಕದ ಗಡಿಯಾರಕ್ಕೆ 45 ನ್ಯಾನೋ ಆಂಪಿಯರ್‌ನ ಚಿಪ್ ಬೇಕೇ, 250ರದ್ದು ಸಾಕೇ?

ಶಿರಸಿಯ ತೋಟ, ಮಳೆ ದಾಖಲಿಸುವ ಪೆಟ್ಟಿಗೆ, ಬಟನ್ ಸೆಲ್. ಅದರ ಗಡಿಯಾರಕ್ಕೆ 45 ನ್ಯಾನೋ ಆಂಪಿಯರ್ ಕರೆಂಟ್ ತಿನ್ನುವ ಆರ್‌ವಿ-3028 ಚಿಪ್ ಬೇಕೇ, 250 ತಿನ್ನುವ ಪಿಸಿಎಫ್8563 ಸಾಕೇ ಎಂದು ಕೇಳಿದ್ದೀರಿ. ನಾನೂ ಹೀಗೆಯೇ ನ್ಯಾನೋ ಆಂಪಿಯರ್ ಎಣಿಸುತ್ತಾ ಕುಮಟಾದ ಮಾವನ ಮನೆಯಂಗಳದಲ್ಲಿ ಒಂದನ್ನು ನಿಲ್ಲಿಸಿದ್ದೆ. ಪಿಸಿಎಫ್8563 ಚಿಪ್, ಪಕ್ಕದಲ್ಲಿ ಕಂಪಿಸುತ್ತಾ ಅದಕ್ಕೆ ತಾಳ ಕೊಡುವ 32.768 ಕಿಲೋಹರ್ಟ್ಸ್ ಕ್ರಿಸ್ಟಲ್, ಸಿಆರ್2032 ಬಟನ್ ಸೆಲ್. ಬೇಸಿಗೆಯಿಡೀ ಸಮಯ ಸರಿಯಾಗಿತ್ತು. ಜುಲೈ ಬಂದದ್ದೇ ತಡ, ಸಂಜೆಯ ಮಳೆಯೆಲ್ಲ ದಾಖಲೆಯಲ್ಲಿ ಮಧ್ಯಾಹ್ನಕ್ಕೆ ಸರಿಯಿತು. ಮಾವ ದಿನವೂ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುವವರು. "ನಿಮ್ಮ ಯಂತ್ರ ಹೇಳುವ ಹೊತ್ತಿನಲ್ಲಿ ನಾನು ಕೊಡೆಯಿಲ್ಲದೆ ಪೇಟೆಗೆ ಹೋಗಿದ್ದೆ" ಎಂದರು.

ಸೆಲ್ ಬದಲಿಸಿದೆ. ಹಳೆಯದೂ ಮೀಟರಿನಲ್ಲಿ 3 ವೋಲ್ಟ್ ತೋರಿಸುತ್ತಿತ್ತು, ಆದರೂ ಬದಲಿಸಿದೆ. ಏನೂ ಆಗಲಿಲ್ಲ. ಕೊನೆಗೆ ಬೋರ್ಡನ್ನು ಮೇಜಿನ ಮೇಲಿಟ್ಟು, ಗಡಿಯಾರದ ಮಿಡಿತವನ್ನು ಹೊರಗೆ ಕೊಡುವ ಚಿಪ್ಪಿನ ಕ್ಲಾಕ್‌ಔಟ್ ಪಿನ್ನನ್ನು 1 ಹರ್ಟ್ಸ್‌ಗೆ ಹೊಂದಿಸಿ ಒಂದು ಎಲ್‌ಇಡಿ ಜೋಡಿಸಿದೆ. ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಬಾಯಿ ತೆರೆದು ಕ್ರಿಸ್ಟಲ್ ಮೇಲೆ ಬಿಸಿಯುಸಿರು ಬಿಟ್ಟೆ. ಮಿನುಗು ನಿಂತೇಹೋಯಿತು. ತೇವ ಆರಿದ ಮೇಲೆ, ಏನೂ ಆಗದವರ ಹಾಗೆ ಮತ್ತೆ ಶುರು.

ತಪ್ಪು ಫ್ಲಕ್ಸಿನದು (ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ದ್ರವ್ಯ), ಅಂದರೆ ನನ್ನದು. ಡಬ್ಬಿಯ ಮೇಲೆ "ತೊಳೆಯಬೇಕಿಲ್ಲ" ಎಂದಿತ್ತು, ನಂಬಿದೆ. ಕೈಯಲ್ಲಿ ಬೆಸುಗೆ ಹಾಕುವಾಗ ಸುರಿದ ಫ್ಲಕ್ಸ್ ಎಲ್ಲ ಕಡೆ ಸಮನಾಗಿ ಕಾಯುವುದಿಲ್ಲ. ಕಾಯದೆ ಉಳಿದದ್ದು ಗಾಳಿಯ ತೇವವನ್ನು ಹೀರುತ್ತದೆ. ಕಡಲ ಬದಿಯಲ್ಲಿ ಉಪ್ಪೂ ಸೇರುತ್ತದೆ. ಕ್ರಿಸ್ಟಲ್ ನಡೆಸುವ ಮಂಡಲದ ಶಕ್ತಿಯೋ ತೀರಾ ಅಲ್ಪ. ಅದರ ಎರಡು ಪಿನ್‌ಗಳ ನಡುವೆ ಕೆಲವು ಮೆಗಾಓಮ್‌ನ ಸೋರಿಕೆಯಾದರೂ ಕಂಪನ ನಿಲ್ಲಬಹುದು. ಸೆಲ್ ಗಟ್ಟಿಯಾಗಿರುವುದರಿಂದ ಸಮಯದ ಅಂಕಿಗಳು ಅಳಿಯುವುದಿಲ್ಲ, ನಿಂತಲ್ಲೇ ನಿಲ್ಲುತ್ತವೆ, ತೇವ ಆರಿದಾಗ ಅಲ್ಲಿಂದಲೇ ಮುಂದುವರಿಯುತ್ತವೆ, ಗಡಿಯಾರ ಹಿಂದೆ ಬೀಳುತ್ತದೆ. ಆ ಮಳೆಗಾಲದ ಮಿಲಿಮೀಟರ್ ಎಲ್ಲ ಸರಿ, ಹೊತ್ತೆಲ್ಲ ತಪ್ಪು.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಸಿಆರ್2032ರಲ್ಲಿ ಸುಮಾರು 220 ಮಿಲಿಆಂಪಿಯರ್-ಗಂಟೆ ಇರುತ್ತದೆ. 250 ನ್ಯಾನೋ ಆಂಪಿಯರ್‌ನಂತೆ ಭಾಗಿಸಿದರೆ ನೂರು ವರ್ಷ. ಅದಕ್ಕೆ ಎಷ್ಟೋ ಮೊದಲೇ ಸೆಲ್ ತಾನಾಗಿಯೇ ಮುದಿಯಾಗಿರುತ್ತದೆ. ಇನ್ನು 45ರ ಲೆಕ್ಕ ಹಾಕಿ ಯಾರಿಗೆ ಉಯಿಲು ಬರೆಯುತ್ತೀರಿ ಮಾರಾಯರೇ?

ಆದರೂ ಆರ್‌ವಿ-3028 ಅನ್ನೇ ಕೊಳ್ಳಿ, 45ಕ್ಕಾಗಿ ಅಲ್ಲ, ಕ್ರಿಸ್ಟಲ್ ಅದರೊಳಗೇ ಮುಚ್ಚಿಕೊಂಡಿದೆ ಎಂಬುದಕ್ಕಾಗಿ. ಡಿಎಸ್3231 ಎಂಬ ಇನ್ನೊಂದು ಗಡಿಯಾರದ ಚಿಪ್ ಕೂಡ ಹಾಗೆಯೇ. ಕರೆಂಟ್ ಹೆಚ್ಚು ತಿನ್ನುತ್ತದೆ, ನಿಮಗೆ ಅದು ಲೆಕ್ಕಕ್ಕಿಲ್ಲ. ಹೊರಗಿನ ಕ್ರಿಸ್ಟಲ್ಲೇ ಬೇಕೆಂದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕಿ ತೊಳೆಯಿರಿ, ಚೆನ್ನಾಗಿ ಒಣಗಿಸಿ, ಉಸಿರು ಬಿಟ್ಟು ನೋಡಿ, ಆಮೇಲೆ ವಾರ್ನಿಷ್ ಬಳಿಯಿರಿ. ಸೆಲ್ ಕೂರುವ ಲೋಹಕ್ಕೆ ಮಾತ್ರ ವಾರ್ನಿಷ್ ತಾಗಬಾರದು.