ಆಪ್ತಸಲಹೆ ಪ್ರಕರಣ: ಗನ್ ಹೊಡೆಯೋಕೆ ಮುಂಚೆನೇ ಎದ್ದು ಓಡ್ತಿದ್ದ ಹುಡುಗಿ

ಮೊದಲೇ ಹೇಳಿಬಿಡ್ತೀನಿ, ಹುಡುಗಿಯ ಒಪ್ಪಿಗೆ ತಗೊಂಡೇ ಇದನ್ನ ಬರೀತಿರೋದು, ಬರೆದ ಮೇಲೆ ಅವಳೇ ಒಂದ್ಸಲ ಓದಿ ಎರಡು ಕಡೆ ತಿದ್ದಿಸಿದ್ದಾಳೆ. ಊರು, ಕಾಲೇಜು, ವರ್ಷ, ಟೈಮಿಂಗ್ ಎಲ್ಲ ಆಚೀಚೆ ಮಾಡಿದ್ದೀನಿ, ಹಾಗಾಗಿ ಇವಳು ಯಾರಿರಬಹುದು ಅಂತ ಹುಡುಕೋಕೆ ಹೋಗ್ಬೇಡಿ. ಹೆಸರು ರೇಣುಕಾ ಅಂತ ಇಟ್ಕೊಳ್ಳೋಣ.

ರೇಣುಕಾಗೆ 20 ವರ್ಷ. ಉತ್ತರ ಕರ್ನಾಟಕದ ಹಳ್ಳಿ, ಅಪ್ಪನಿಗೆ ಎರಡೂವರೆ ಎಕರೆ ಮಳೆ ನಂಬಿದ ಹೊಲ. ಓದ್ತಿರೋದು ಕರಾವಳಿ ಕಡೆ ಒಂದು ಕಾಲೇಜಲ್ಲಿ, ಸ್ಪೋರ್ಟ್ಸ್ ಸೀಟು, ಅಂದ್ರೆ ಫೀಸು ಹಾಸ್ಟೆಲ್ಲು ಊಟ ಎಲ್ಲ ಫ್ರೀ, ಬದಲಿಗೆ ಓಡಬೇಕು. 100 ಮೀಟರ್, 200 ಮೀಟರ್, ಜೊತೆಗೆ ರಿಲೇ. ಎರಡನೇ ವರ್ಷ 100 ಮೀಟರನ್ನ 11.94ರಲ್ಲಿ ಓಡಿ ಯೂನಿವರ್ಸಿಟಿ ಮೀಟಲ್ಲಿ ಫಸ್ಟ್ ಬಂದಿದ್ಳು, ಊರಲ್ಲಿ ಬ್ಯಾನರ್ ಕಟ್ಟಿದ್ರು, ಬ್ಯಾನರಿನಲ್ಲಿ ಇವಳಿಗಿಂತ ದೊಡ್ಡದಾಗಿ ಯಾರ್ ಯಾರದೋ ಫೋಟೋ ಇತ್ತಂತೆ, ಅದಿರ್ಲಿ.

ನನ್ನ ಹತ್ರ ಕಳಿಸಿದ್ದು ಅವಳ ಕಾಲೇಜಿನ ಫಿಸಿಕಲ್ ಎಜುಕೇಶನ್ ಮೇಡಂ. ಚೀಟಿಯಲ್ಲಿ ಬರೆದಿದ್ದು ಎರಡೇ ಪದ, 'ಸ್ಟಾರ್ಟಿಂಗ್ ಪ್ರಾಬ್ಲಂ'. ನಾನೇನು ಬೈಕ್ ಮೆಕ್ಯಾನಿಕ್ಕಾ ಅನ್ಕೊಂಡೆ. ವಿಷಯ ಏನಂದ್ರೆ ಆ ಸೀಸನ್‌ನಲ್ಲಿ ಅವಳು ಎರಡು ಸಲ ಫಾಲ್ಸ್ ಸ್ಟಾರ್ಟ್ ಮಾಡಿ, ಅಂದ್ರೆ ಗನ್ ಆಗೋಕೆ ಮುಂಚೆನೇ ಹೊರಟು, ಡಿಸ್‌ಕ್ವಾಲಿಫೈ ಆಗಿದ್ಳು. ಮೊದಲೆಲ್ಲ ಒಂದು ತಪ್ಪಿಗೆ ಮಾಫಿ ಇತ್ತು, 2010ರಿಂದ ಹಾಗಿಲ್ಲ, ಒಂದೇ ಸಲಕ್ಕೆ ಔಟ್. ಓಟ ಶುರು ಮಾಡೋವಾಗ ಕಾಲು ಒತ್ತಿ ಕೂರೋ ಬ್ಲಾಕಲ್ಲಿ ಸೆನ್ಸರ್ ಇದ್ರೆ ಇನ್ನೂ ಕಷ್ಟ, ಗನ್ ಆದ ಮೇಲೆ ಹೊರಟ್ರೂ 0.1 ಸೆಕೆಂಡ್ ಒಳಗೆ ಹೊರಟ್ರೆ ಅದೂ ಫಾಲ್ಸ್ ಸ್ಟಾರ್ಟೇ, ಯಾಕಂದ್ರೆ ಸದ್ದು ಕೇಳಿ ಅಷ್ಟು ಬೇಗ ಯಾರೂ ಏಳೋಕಾಗಲ್ಲ, ಅಂದಾಜಿನ ಮೇಲೆ ಎದ್ದಿದ್ದಾರೆ ಅಂತ ಲೆಕ್ಕ.

"ಕಾಲು ಚಲೋ ಅದಾವ್ರಿ ಮೇಡಂ. ಸೆಟ್ ಅಂದ ಕೂಡ್ಲೆ ತಲಿ ಖಾಲಿ ಆಗ್ತದ್ರಿ, ಗನ್ ಹೊಡಿಯೂದ್ರಾಗ ನಾ ಎದ್ದು ಓಡೇ ಬಿಟ್ಟಿರ್ತೀನ್ರಿ."

ಇಲ್ಲಿ ನನ್ನ ತಪ್ಪು ಒಪ್ಕೋಬೇಕು. ಮೊದಲ ಎರಡು ಸೆಶನ್ ನಾನು ಇದನ್ನ ಬರೀ ಪರ್ಫಾರ್ಮೆನ್ಸ್ ಆಂಗ್ಸೈಟಿ ಅಂತಾನೇ ತಗೊಂಡೆ. ಉಸಿರಾಟದ ಎಕ್ಸರ್‌ಸೈಜ್ ಹೇಳಿಕೊಟ್ಟೆ, ಬ್ಲಾಕ್ ಹತ್ರ ಹೋದಾಗ ಮಾಡೋ ನಾಲ್ಕು ಕೆಲಸ ಒಂದೇ ಕ್ರಮದಲ್ಲಿ ಮಾಡು ಅಂದೆ, ಕಣ್ಣು ಮುಚ್ಚಿ ರೇಸ್ ನೆನಪಿಸಿಕೋ ಅಂದೆ. ಪಾಪ ಎಲ್ಲ ಮಾಡಿದ್ಳು. ಆದ್ರೆ ಅವಳು ಯಾಕೆ ಗನ್ನನ್ನ ಅಂದಾಜು ಮಾಡೋಕೆ ಹೋಗ್ತಿದ್ಳು ಅಂತ ನಾನು ಕೇಳಲೇ ಇಲ್ಲ. ಮೊದಲು ಹಾಗೆ ಮಾಡ್ತಿರಲಿಲ್ವಲ್ಲ? ಮೂರನೇ ಸಲ ಬಂದಾಗ ಕೇಳಿದೆ. ಉತ್ತರ ಸಿಂಪಲ್ಲು: ಸ್ಪೀಡ್ ಕಮ್ಮಿ ಆಗಿದೆ, ಆ ವರ್ಷದ ಬೆಸ್ಟ್ 12.46, ಕಳ್ಕೊಂಡಿದ್ದನ್ನ ಸ್ಟಾರ್ಟಲ್ಲಾದ್ರೂ ಕದೀಬೇಕು. ಹೈಸ್ಕೂಲಿನ ಪಿಟಿ ಮಾಸ್ತರ್ ಅವಳಿಗೆ ಪಿ.ಟಿ. ಉಷಾ ಕತೆ ನೂರು ಸಲ ಹೇಳಿದ್ರಂತೆ, 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಪಾಲಲ್ಲಿ ಕಂಚು ಹೋಯ್ತು ಅಂತ. ಈ ಹುಡುಗಿ ತಲೇಲಿ ಉಳಿದಿದ್ದು ಆ ನೂರನೇ ಒಂದು ಪಾಲು.

ಸರಿ, ಸ್ಪೀಡ್ ಯಾಕೆ ಕಮ್ಮಿ ಆಯ್ತು? ಅವಳ ಟ್ರೈನಿಂಗ್ ಡೈರಿ ತರೋಕೆ ಹೇಳಿದೆ. ಮೊದಲು ಒಂದು ಗಂಟು ಬಿಡಿಸಬೇಕಾಯ್ತು. ಅವಳ ಪ್ರಕಾರ ಪಿಯುಸಿಯಲ್ಲೇ ಮಣ್ಣಿನ ಗ್ರೌಂಡಲ್ಲಿ 11.9 ಓಡಿದ್ಳು, ಇಲ್ಲಿ ಬಂದ ಮೊದಲ ವರ್ಷ ಸಿಂಥೆಟಿಕ್ ಟ್ರ್ಯಾಕಲ್ಲಿ 12.15, ಅಂದ್ರೆ ಕಾಲೇಜಿಗೆ ಬಂದೇ ಕೆಟ್ಟೆ ಅಂತ ಅಪ್ಪನೂ ಇವಳೂ ನಂಬ್ಕೊಂಡಿದ್ರು. ಪಿಯುಸಿದು ಸ್ಟಾಪ್‌ವಾಚ್ ಟೈಮು, ಇಲ್ಲಿದು ಎಲೆಕ್ಟ್ರಾನಿಕ್. ಕೈಯಲ್ಲಿ ಒತ್ತೋರಿಗೆ ಗನ್ ಸದ್ದಿಗೆ ಒತ್ತೋದು ಸ್ವಲ್ಪ ತಡ ಆಗುತ್ತೆ, ಅದಕ್ಕೇ 100, 200 ಮೀಟರ್‌ನಲ್ಲಿ ಹ್ಯಾಂಡ್ ಟೈಮಿಂಗನ್ನ ಎಲೆಕ್ಟ್ರಾನಿಕ್ ಜೊತೆ ಹೋಲಿಸುವಾಗ 0.24 ಸೆಕೆಂಡ್ ಸೇರಿಸೋ ವಾಡಿಕೆ ಇದೆ. ಸೇರಿಸಿ ನೋಡಿದ್ರೆ 12.14, ಅಂದ್ರೆ ಅವಳು ಕೆಟ್ಟಿರಲೇ ಇಲ್ಲ. ಇದನ್ನ ಪೇಪರಲ್ಲಿ ಬರೆದು ತೋರಿಸಿದಾಗ ಅವಳು ಐದು ನಿಮಿಷ ಸುಮ್ನೆ ಕೂತ್ಳು, ಆಮೇಲೆ "ಅಪ್ಪಗ ಇದನ್ನ ನೀವ ಹೇಳ್ರಿ" ಅಂದ್ಳು. ಎರಡು ವರ್ಷ ಹೊತ್ತುಕೊಂಡಿದ್ದ ಭಾರ ಒಂದು ಕೂಡೋ ಲೆಕ್ಕದಲ್ಲಿತ್ತು.

ಆದ್ರೆ 11.94ರಿಂದ 12.46 ಆಗಿದ್ದು ನಿಜವಾದ ಇಳಿತ. ಡೈರಿಯಲ್ಲಿ ತೂಕದ ಕಾಲಂ ನೋಡಿದೆ, 55 ಕೆಜಿ ಇದ್ದೋಳು ಹತ್ತು ತಿಂಗಳಲ್ಲಿ 48. ಯಾರೋ ಸೀನಿಯರ್ ಹಿಂದಿನಿಂದ ವಿಡಿಯೋ ತೆಗೆದು ನೀನು ದಪ್ಪ ಕಾಣ್ತೀಯ ಅಂದಿದ್ಳಂತೆ, ಅವತ್ತಿಂದ ರಾತ್ರಿ ಅನ್ನ ಬಂದ್. ಬೆಳಿಗ್ಗೆ ಐದೂವರೆಗೆ ಒಂದು ಚಾ ಎರಡು ಬಿಸ್ಕಿಟ್ ತಿಂದು ಗ್ರೌಂಡಿಗೆ, ವಾಪಸ್ ಬರೋಷ್ಟರಲ್ಲಿ ಒಂಬತ್ತಾಗಿ ಮೆಸ್ ತಿಂಡಿ ಮುಗಿದಿರುತ್ತೆ, ಸೀದಾ ಕ್ಲಾಸು. ಸಂಜೆ ಮತ್ತೆ ವರ್ಕೌಟ್, ವಾರಕ್ಕೆ ಮೂರು ದಿನ ವೇಟ್ಸ್. ಆಗ ಕೇಳಿದೆ, ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗ್ತೀಯಾ ಅಂತ.

"ನಿಂತು ಏಳು ತಿಂಗಳಾತ್ರಿ. ಚಲೋನ ಆತಲ್ರಿ ಮೇಡಂ, ಮೀಟ್ ಇದ್ದಾಗ ತ್ರಾಸ ಇಲ್ಲ."

ಇದನ್ನ ಮೊದಲ ದಿನವೇ ಕೇಳಬೇಕಿತ್ತು ನಾನು. ಹಾಸ್ಟೆಲಿನ ಹುಡುಗೀರ ನಡುವೆ ಒಂದು ನಂಬಿಕೆ ಓಡಾಡುತ್ತೆ, ಡೇಟ್ ನಿಂತ್ರೆ ಟ್ರೈನಿಂಗ್ ಗಟ್ಟಿಯಾಗಿ ಆಗ್ತಿದೆ ಅಂತ ಅರ್ಥ ಅಂತ. ಅದು ಶುದ್ಧ ತಪ್ಪು. ಖರ್ಚಾಗೋದಕ್ಕೆ ತಕ್ಕಷ್ಟು ತಿನ್ನದೇ ಇದ್ದಾಗ ದೇಹ ಒಂದೊಂದೇ ಕೆಲಸ ನಿಲ್ಲಿಸ್ತಾ ಬರುತ್ತೆ, ಇಂಟರ್‌ನ್ಯಾಶನಲ್ ಒಲಿಂಪಿಕ್ ಕಮಿಟಿ 2014ರಲ್ಲಿ ಇದಕ್ಕೆ ಒಂದು ಹೆಸರು ಕೊಟ್ಟಿತು, ಡಾಕ್ಟರುಗಳು ಈಗ ಚಿಕ್ಕದಾಗಿ ರೆಡ್ಸ್ ಅಂತಾರೆ. ಅವಳಿಗೆ ನಾನು ಹಾಗೆ ಹೇಳಲಿಲ್ಲ, ಮನೇಲಿ ರೊಕ್ಕ ಸಾಲದಾಗ ಮೊದಲು ಯಾವ ಖರ್ಚು ನಿಲ್ಲಿಸ್ತೀರಿ ಅಂತ ಕೇಳಿದೆ. ಹಬ್ಬ ಅಂದ್ಳು. ಆಮೇಲೆ ತಾನೇ, "ಹಂಗಂದ್ರ ನನ್ನ ಮೈಯಾಗ ಹಬ್ಬ ನಿಂತೈತೇನ್ರಿ?" ಹೌದಮ್ಮ, ಅಷ್ಟೇ ವಿಷಯ. ಹಬ್ಬ ನಿಂತ ಮೇಲೆ ರಿಪೇರಿ ಕೆಲಸ ನಿಲ್ಲುತ್ತೆ, ಮೂಳೆ ತೆಳ್ಳಗಾಗುತ್ತೆ, ಸಣ್ಣ ನೋವು ವಾಸಿ ಆಗಲ್ಲ, ನಿದ್ದೆ ಕೆಡುತ್ತೆ. ಅವಳ ಮೊಣಕಾಲಿನ ಕೆಳಗೆ ಮೂಳೆ ಮೇಲೆ ಮೂರು ತಿಂಗಳಿಂದ ನೋವಿತ್ತು, ಯಾರಿಗೂ ಹೇಳಿರಲಿಲ್ಲ.

ಡಾಕ್ಟರ್ ಹತ್ರ ಹೋಗೋಕೆ ಅವಳು ಒಪ್ಪಲೇ ಇಲ್ಲ, ಕಾರಣ ನಾನು ಊಹಿಸಿರಲಿಲ್ಲ. "ಹಾರ್ಮೋನ್ ಟೆಸ್ಟ್ ಮಾಡಿಸಿದ್ರ ನಂಗೂ ದ್ಯುತಿ ಚಂದ್‌ಗ ಮಾಡಿದಂಗ ಮಾಡ್ತಾರೇನ್ರಿ?" ಎದೆ ಚಪ್ಪಟೆ, ದನಿ ಸ್ವಲ್ಪ ದಪ್ಪ ಅಂತ ಊರಲ್ಲಿ ಗಂಡುಬೀರಿ ಅಂತ ಕರೆಸ್ಕೊಂಡು ಬೆಳೆದ ಹುಡುಗಿ, ಈಗ ಡೇಟೂ ನಿಂತಿದೆ, ತಾನು ಹೆಣ್ಣೇ ಅಲ್ಲ ಅಂದುಬಿಟ್ರೆ? ಅವಳ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. 2006ರ ದೋಹಾ ಏಷ್ಯನ್ ಗೇಮ್ಸ್ ಆದ ಮೇಲೆ ಲಿಂಗ ಪರೀಕ್ಷೆಯಲ್ಲಿ ಫೇಲ್ ಅಂತ ಶಾಂತಿ ಸೌಂದರರಾಜನ್ ಅವರ 800 ಮೀಟರ್ ಬೆಳ್ಳಿ ಕಿತ್ಕೊಂಡ್ರು, 2014ರಲ್ಲಿ ಓಟಗಾರ್ತಿ ದ್ಯುತಿಯನ್ನ ಮೈಯಲ್ಲಿ ಗಂಡು ಹಾರ್ಮೋನ್ ಜಾಸ್ತಿ ಅಂತ ಕಾಮನ್‌ವೆಲ್ತ್ ಗೇಮ್ಸ್ ಟೀಮಿಂದ ತೆಗೆದ್ರು, ಅವರು ಕ್ರೀಡಾ ನ್ಯಾಯಾಲಯಕ್ಕೆ ಹೋಗಿ 2015ರಲ್ಲಿ ಆ ನಿಯಮಕ್ಕೇ ತಡೆ ತಂದು, ರಿಯೋ ಒಲಿಂಪಿಕ್ಸ್‌ನಲ್ಲಿ ಓಡಿದ್ರು. 2025ರ ಸೆಪ್ಟೆಂಬರ್‌ನಿಂದ ವರ್ಲ್ಡ್ ಅಥ್ಲೆಟಿಕ್ಸ್ ಮಹಿಳಾ ವಿಭಾಗಕ್ಕೆ ಒಂದು ಜೀನ್ ಟೆಸ್ಟನ್ನೂ ತಂದಿದೆ. ಇದೆಲ್ಲ ಸುಳ್ಳು, ಏನೂ ಆಗಲ್ಲ ಅಂತ ನಾನು ತಲೆ ಸವರೋಕೆ ಹೋಗಲಿಲ್ಲ. ಹೇಳಿದ್ದು ಇಷ್ಟು: ನಿನ್ನ ಡಾಕ್ಟರ್ ಮಾಡಿಸೋ ರಕ್ತ ಪರೀಕ್ಷೆ ನಿನ್ನದು, ಅದು ಫೆಡರೇಶನ್ನಿಗೂ ಹೋಗಲ್ಲ ಕಾಲೇಜಿಗೂ ಹೋಗಲ್ಲ, ಅವರು ಹುಡುಕ್ತಿರೋದು ಡೇಟ್ ಯಾಕೆ ನಿಂತಿದೆ ಅಂತ. ಮತ್ತೆ ಮೊದಲು ಪ್ರೆಗ್ನೆನ್ಸಿ ಟೆಸ್ಟ್ ಮಾಡ್ತಾರೆ, ಅದು ಎಲ್ಲರಿಗೂ ಮಾಡ್ತಾರೆ, ಕೋಪ ಮಾಡ್ಕೋಬೇಡ ಅಂತ ಮೊದಲೇ ಹೇಳಿ ಕಳಿಸಿದೆ. ಆದ್ರೂ ಮಾಡ್ಕೊಂಡ್ಳು.

ರಿಪೋರ್ಟ್: ಥೈರಾಯ್ಡ್ ಸರಿ, ಹಿಮೋಗ್ಲೋಬಿನ್ 10.4 ಅಂದ್ರೆ ಕಮ್ಮಿ, ಕಬ್ಬಿಣದ ಅಂಶ ತಳ ಕಂಡಿತ್ತು, ವಿಟಮಿನ್ ಡಿ ಕಮ್ಮಿ. ಕಾಲಿನ ಎಂಆರ್‌ಐನಲ್ಲಿ ಮೂಳೆ ಬಿರುಕು ಬಿಡೋಕೆ ಹೊರಟಿತ್ತು. ಆರು ವಾರ ಓಟ ಬಂದ್.

ಅದೇ ವಾರ ಇನ್ನೊಂದು ಮಾತು ಬಾಯಿಬಿಟ್ಳು. ಹಾಸ್ಟೆಲಲ್ಲಿ ಒಬ್ಬ ಸೀನಿಯರ್ ಮೂಲಕ ಯಾರೋ 'ರಕ್ತ ಹೆಚ್ಚೋ ಇಂಜೆಕ್ಷನ್' ಕೊಡ್ತಾರಂತೆ, ಒಂದಕ್ಕೆ ಒಂದೂವರೆ ಸಾವಿರ, ಬಾಟಲಿ ಮೇಲೆ ಲೇಬಲ್ ಇಲ್ಲ. ಐರನ್ ಕಮ್ಮಿ ಇದೆಯಲ್ಲ, ತಗೊಂಡ್ರೆ ತಪ್ಪೇನು ಅಂತ ಅವಳ ವಾದ. ನಾನು ಸಾಮಾನ್ಯವಾಗಿ ಕ್ಲೈಂಟ್‌ಗೆ ಇದು ಮಾಡು ಇದು ಮಾಡಬೇಡ ಅನ್ನಲ್ಲ, ಆದ್ರೆ ಅವತ್ತು ಅಂದೆ. ಅಶ್ವಿನಿ ಅಕ್ಕುಂಜಿ ಹೆಸರು ಅವಳಿಗೆ ಗೊತ್ತಿತ್ತು, ಕುಂದಾಪುರ ಕಡೆಯವರು, 2010ರಲ್ಲಿ ಕಾಮನ್‌ವೆಲ್ತ್ ರಿಲೇ ಚಿನ್ನ, ಅದೇ ವರ್ಷ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ. 2011ರಲ್ಲಿ ಡೋಪ್ ಟೆಸ್ಟ್ ಪಾಸಿಟಿವ್ ಬಂತು. ವಿದೇಶಿ ಕೋಚ್ ಕೊಟ್ಟ ಸಪ್ಲಿಮೆಂಟಿಂದ ಬಂದಿದ್ದು ಅಂತ ಅವರೂ ಜೊತೆಯ ಹುಡುಗೀರೂ ಹೇಳಿದ್ರು, ಆದ್ರೂ ಕೊನೆಗೆ ಎರಡು ವರ್ಷ ಬ್ಯಾನ್ ತಪ್ಪಲಿಲ್ಲ. ಮೈಯೊಳಗೆ ಏನು ಸಿಕ್ಕಿತೋ ಅದಕ್ಕೆ ಓಡೋಳೇ ಜವಾಬ್ದಾರಿ, ಯಾರು ಕೊಟ್ರು ಅನ್ನೋದು ಆಮೇಲಿನ ಮಾತು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಔಷಧಿ ಒಳ್ಳೇದೇ ಆಗಿದ್ರೂ ಆಸ್ಪತ್ರೆ ಚಿಕಿತ್ಸೆಯ ಭಾಗವಾಗಿ ಅಲ್ಲದೆ 12 ಗಂಟೆಯಲ್ಲಿ 100 ಎಂಎಲ್‌ಗಿಂತ ಜಾಸ್ತಿ ಡ್ರಿಪ್ ಹಾಕಿಸ್ಕೊಳ್ಳೋದೇ ನಿಷೇಧ. ಹಾಗಾಗಿ ಐರನ್ ಬೇಕಾದ್ರೆ ಮಾತ್ರೆ, ಬರೆದುಕೊಡೋದು ಡಾಕ್ಟರ್, ನಾನು ಅಥ್ಲೀಟ್ ಅಂತ ಮೊದಲೇ ಹೇಳಬೇಕು, ಚೀಟಿ ಜೋಪಾನ ಮಾಡಬೇಕು, ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದವರ ನೋ ಯುವರ್ ಮೆಡಿಸಿನ್ ಆ್ಯಪಲ್ಲಿ ಔಷಧಿ ಹೆಸರು ಹಾಕಿ ನೋಡಬೇಕು.

ಕೋಚ್ ಫೋನ್ ಮಾಡಿದ್ರು, ಏನಾಗಿದೆ ಮೇಡಂ ಹುಡುಗಿಗೆ ಅಂತ. ಅವಳನ್ನ ಕೇಳದೆ ಹೇಳೋಕಾಗಲ್ಲ ಅಂದೆ, ಸ್ವಲ್ಪ ಬೇಜಾರು ಮಾಡ್ಕೊಂಡ್ರು. ಆಮೇಲೆ ಅವಳೇ ಒಪ್ಪಿ ಮೂರೂ ಜನ ಕೂತ್ವಿ. ಒಳ್ಳೆ ಮನುಷ್ಯ. "ತೂಕ ಇಳೀತಿರೋದು ನೋಡಿದ್ದೆ, ಆದ್ರೆ ಆ ವಿಷಯ ನಾವು ಗಂಡಸ್ರು ಹೇಗೆ ಕೇಳೋದು" ಅಂದ್ರು. ಕೇಳೋದೇ ಬೇಡ, ಡೈರಿಯಲ್ಲಿ ನಿದ್ದೆ, ನೋವು, ಟೈಮಿಂಗ್ ಅಂತ ಕಾಲಂ ಇದ್ಯಲ್ಲ, ಇನ್ನೊಂದು ಕಾಲಂ ಎಳೀರಿ ಅಂದೆ. ಅದಕ್ಕೆ ರೇಣುಕಾ 'ಹಬ್ಬ' ಅಂತ ಹೆಸರಿಟ್ಳು. ಈಗ ಅಲ್ಲಿನ ಎಲ್ಲ ಹುಡುಗೀರ ಡೈರಿಯಲ್ಲೂ ಆ ಕಾಲಂ ಇದೆಯಂತೆ.

ಉಳಿದ ಸಲಹೆ ಎಲ್ಲ ಸಣ್ಣ ಸಣ್ಣವು. ವರ್ಕೌಟ್‌ಗೆ ಮುಂಚೆ ಎರಡು ಬಾಳೆಹಣ್ಣು, ಮುಗಿದ ಅರ್ಧ ಗಂಟೆ ಒಳಗೆ ಏನಾದ್ರೂ ಗಟ್ಟಿಯಾಗಿ ತಿನ್ನೋದು, ಮೆಸ್‌ನವರು ತಿಂಡಿ ಡಬ್ಬಿ ಎತ್ತಿಡೋ ಹಾಗೆ ಪಿಇ ಮೇಡಂ ಮಾತಾಡೋದು, ರಾತ್ರಿ ಅನ್ನ ವಾಪಸ್. ಊರಿಂದ ಅವ್ವ ಶೇಂಗಾ ಉಂಡಿ ಕಳಿಸೋಕೆ ಶುರು ಮಾಡಿದ್ಳು. ಮೂರು ತಿಂಗಳು ತೂಕ ನೋಡ್ಕೊಳ್ಳೋದು ಡಾಕ್ಟರ್ ಕ್ಲಿನಿಕ್ಕಲ್ಲಿ ಮಾತ್ರ. ಅಪ್ಪ ಪ್ರತಿ ರೇಸ್ ಮುಗಿದ ಕೂಡ್ಲೆ ಫೋನ್ ಮಾಡಿ "ಎಷ್ಟ ಬಂತು?" ಅಂತಿದ್ರು, ಅವರ ಜೊತೆ ಮಾತಾಡಿ ಹ್ಯಾಂಡ್ ಟೈಮಿಂಗ್ ಲೆಕ್ಕಾನೂ ಹೇಳಿ, ಮೊದಲ ಪ್ರಶ್ನೆ "ಉಂಡೇನವ್ವ?" ಅಂತಿರಲಿ ಅಂದೆ. ಆಯ್ತ್ರಿ ಅಂದ್ರು, ಈಗ ಎರಡನ್ನೂ ಒಂದೇ ಉಸಿರಲ್ಲಿ ಕೇಳ್ತಾರಂತೆ.

ಕೆಲಸದ ಬಗ್ಗೆನೂ ಒಂದಿಡೀ ಸೆಶನ್ ಹೋಯ್ತು. ಈ ಸೀಸನ್ ಹೋದ್ರೆ ಜೀವನವೇ ಹೋಯ್ತು ಅನ್ನೋ ಥರ ಇದ್ಳು. ರೈಲ್ವೆ ಸ್ಪೋರ್ಟ್ಸ್ ಕೋಟಾಕ್ಕೆ ವಯಸ್ಸು 18ರಿಂದ 25, ಹುಬ್ಬಳ್ಳಿಯ ನೈಋತ್ಯ ರೈಲ್ವೆ ಸೇರಿ ಎಲ್ಲ ವಲಯದಲ್ಲೂ ಕರೀತಾರೆ, ಹಳೇ ನೋಟಿಫಿಕೇಶನ್ ಒಂದನ್ನ ಕೂತು ಓದಿದ್ವಿ. ಅವಳಿಗೆ ಇನ್ನೂ ನಾಲ್ಕೈದು ವರ್ಷ ಇದೆ. ಪಿಟಿ ಟೀಚರ್ ಆಗೋಕೆ ಬಿಪಿಎಡ್ ಮಾಡಬಹುದು, ಪಟಿಯಾಲದ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಕೋಚಿಂಗ್ ಡಿಪ್ಲೊಮಾ ಇದೆ. ಮೂಳೆ ಮುರ್ಕೊಂಡು ಓಡಿದ್ರೆ ಇದ್ಯಾವುದೂ ಹತ್ತಿರ ಬರಲ್ಲ.

ಐದನೇ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ವಾಟ್ಸಾಪಲ್ಲಿ "ಬಂತ್ರಿ ಮೇಡಂ" ಅಂತ ಮೆಸೇಜು. ನಾನು ಮೆಡಲ್ ಅನ್ಕೊಂಡು ಕಂಗ್ರಾಟ್ಸ್ ಕಳಿಸಿದೆ. "ಅದಲ್ರಿ, ಹಬ್ಬ" ಅಂದ್ಳು.

ಟ್ರ್ಯಾಕಿಗೆ ವಾಪಸ್ ಬಂದು ಓಡಿದ ಮೊದಲ ಮೀಟಲ್ಲಿ 12.21, ಫೈನಲ್‌ಗೆ ಹೋಗಲಿಲ್ಲ, ಫಾಲ್ಸ್ ಸ್ಟಾರ್ಟೂ ಆಗಲಿಲ್ಲ. ಕಾಲೇಜಿನವರು ಮಾತ್ರ ಈ ವರ್ಷ ಫ್ರೀ ಸೀಟನ್ನ ಅರ್ಧಕ್ಕೆ ಇಳಿಸಿದ್ದಾರೆ, ರಿಸಲ್ಟ್ ಇಲ್ಲ ಅಂತ. ಗಾಯ ಆದವರಿಗೆ ಒಂದು ವರ್ಷ ಅವಕಾಶ ಕೊಡಿ ಅಂತ ಡಾಕ್ಟರ್ ಸರ್ಟಿಫಿಕೇಟ್ ಇಟ್ಟು ಅರ್ಜಿ ಬರೆದಿದ್ದಾಳೆ, ಡ್ರಾಫ್ಟ್ ನನಗೆ ಕಳಿಸಿದ್ಳು, ಎರಡನೇ ಪ್ಯಾರಾ ಸ್ವಲ್ಪ ಖಾರ ಜಾಸ್ತಿ ಇತ್ತು. ನಾನು ತೆಗೆ ಅನ್ನಲಿಲ್ಲ.