ಸಿಳ್ಳೆ ಕೇಳುತ್ತದೆ, ನವರಂಗ ಕಾಣದು

ಪ್ರಶ್ನೆ: ಮಣಿಪಾಲದ ನಮ್ಮ ಹಿತ್ತಲ ಹಾಡಿಯಲ್ಲಿ ಬೆಳಿಗ್ಗೆ, ಸಂಜೆ ನವರಂಗದ ಸಿಳ್ಳೆ ಕೇಳುತ್ತದೆ. ಹುಡುಕಿದರೆ ಹಕ್ಕಿಯೇ ಇಲ್ಲ. ನೋಡುವುದು ಹೇಗೆ?

ಉತ್ತರ: ಹುಡುಕಲು ಹೋಗುವುದೇ ತಪ್ಪು. ಕೂಗುವಾಗ ಕೊಂಬೆ ಏರಿದರೂ ಅದರ ಮೇವು ನೆಲದಲ್ಲೇ. ಹೆಜ್ಜೆ ಸಪ್ಪಳಕ್ಕೆ ಕುಪ್ಪಳಿಸಿ ಪೊದೆ ಸೇರುತ್ತದೆ. ಚಳಿಗಾಲದ ಈ ಅತಿಥಿ ಒಂದೇ ಜಾಗಕ್ಕೆ ದಿನವೂ ಬರುವುದುಂಟು. ಸಿಳ್ಳೆ ಬಂದ ದಿಕ್ಕು ಗುರುತಿಸಿಕೊಂಡು, ಮರುದಿನ ಬೆಳಕು ಹರಿಯುವ ಮೊದಲೇ, ತೇವದ ತರಗೆಲೆಯಿಂದ ಹತ್ತು ಮೀಟರ್ ದೂರದಲ್ಲಿ ಮರಕ್ಕೆ ಬೆನ್ನು ಕೊಟ್ಟು ಅರ್ಧ ಗಂಟೆ ಅಲುಗದೆ ಕೂರಿ. ಮೊದಲು ಎಲೆ ಮಗುಚುವ ಸರಸರ ಕೇಳುತ್ತದೆ. ಹಸಿರು ಬೆನ್ನು ನೆರಳಲ್ಲಿ ಕರಗಿಹೋಗುತ್ತದೆ. ಮೋಟು ಬಾಲದಡಿಯ ಕಡುಗೆಂಪು, ಕಣ್ಣಿನ ಕಪ್ಪುಪಟ್ಟಿ ಹುಡುಕಿ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯಲೇಬೇಡಿ, ಮೇವು ಬಿಟ್ಟು ಗಾಬರಿಯಾಗುತ್ತದೆ. ದಯವಿಟ್ಟು ತರಗೆಲೆ ಗುಡಿಸಿ ಸುಡಬೇಡಿ. ನವರಂಗ ತಿನ್ನುವ ಹುಳುಗಳೆಲ್ಲ ಅಲ್ಲೇ ಇರುವುದು.