ಪಾರ್ಸ್‌ನಿಪ್ಪನ್ನು ಸಾಂಬಾರಿಗೆ ಹಾಕಬೇಡಿ, ಕಡುಬು ಮಾಡಿ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಎರಡು ತಿಂಗಳಾಯಿತು, ಮೂಲಂಗಿ ಅಂದುಕೊಂಡು ಒಂದು ಚೀಲ ಪಾರ್ಸ್‌ನಿಪ್ ಎಂಬ ಗಡ್ಡೆ ತಂದೆವು, ಸಾಂಬಾರೆಲ್ಲ ಸಿಹಿಯಾಗಿ ಹೋಯಿತು, ಉಳಿದದ್ದನ್ನು ಏನು ಮಾಡುವುದು ಎಂದು ಕೇಳಿದ್ದೀರಿ. ಡಿಸೆಂಬರ್‌ನಲ್ಲಿ ಆಫೀಸಿನ ಊಟಕ್ಕೆ ಒಬ್ಬೊಬ್ಬರು ಒಂದೊಂದು ‘ಪುಡ್ಡಿಂಗ್’ ತರಬೇಕಂತೆ, ಮನೆಯಲ್ಲಿ ಮೊಟ್ಟೆ ತಿನ್ನದವರೂ ಇದ್ದಾರೆ ಎಂದಿದ್ದೀರಿ. ಆ ಚೀಲವನ್ನೇ ಪುಡ್ಡಿಂಗಿಗೆ ಬಳಸಿಬಿಡಿ.

ಮೊದಲು ಪುಡ್ಡಿಂಗ್ ಅನ್ನುವ ಮಾತು. ಇಲ್ಲಿಯವರು ಊಟದ ಕೊನೆಯ ಸಿಹಿ ಯಾವುದೇ ಇರಲಿ, ಐಸ್‌ಕ್ರೀಮೇ ಇರಲಿ, ಅದನ್ನು ಪುಡ್ಡಿಂಗ್ ಅನ್ನುತ್ತಾರೆ. ಬೋಗುಣಿಯಲ್ಲಿ ಹಿಟ್ಟು ತುಂಬಿ ಹಬೆಯಲ್ಲಿ ಬೇಯಿಸಿದ್ದಕ್ಕೂ ಅದೇ ಹೆಸರು. ಅದು ಸಿಹಿಯೂ ಇರಬಹುದು, ಖಾರವೂ ಇರಬಹುದು. ನೀವಿರುವ ಯಾರ್ಕ್‌ಷೈರಿನ ಹೆಸರಿನ ಪುಡ್ಡಿಂಗಿಗೆ ಸಕ್ಕರೆಯೇ ಇಲ್ಲ, ಅದನ್ನು ಮಾಂಸದ ಊಟದ ಜೊತೆ ಬಡಿಸುತ್ತಾರೆ. ಬ್ಲ್ಯಾಕ್ ಪುಡ್ಡಿಂಗ್ ಅಂದರೆ ಹಂದಿಯ ರಕ್ತದಿಂದ ಮಾಡಿದ್ದು. ಹೆಸರು ನೋಡಿ ಚಾಕೊಲೇಟಿನದು ಅಂದುಕೊಳ್ಳಬೇಡಿ. ನಮ್ಮ ಲೆಕ್ಕದಲ್ಲಿ ಹಬೆಯ ಪುಡ್ಡಿಂಗಿಗೆ ಹತ್ತಿರದ ನೆಂಟ ಹಲಸಿನಹಣ್ಣಿನ ಕಡುಬು. ತಿರುಳು, ಹಿಟ್ಟು, ಸಿಹಿ, ಹಬೆ. ಹಾಗೆ ನೋಡಿದರೆ ಅರ್ಧ ಕೆಲಸ ನಿಮಗೆ ಬಂದೇ ಬರುತ್ತದೆ.

ಪಾರ್ಸ್‌ನಿಪ್ ಕ್ಯಾರೆಟ್‌ನ ಕುಲದ್ದು. ಜೀರಿಗೆ, ಕೊತ್ತಂಬರಿ, ಓಮ ಎಲ್ಲ ಇದೇ ಕುಟುಂಬ. ಆ ಘಾಟು ಅದರಲ್ಲೂ ತುಸು ಇದೆ. ಚಳಿ ಬಿದ್ದಾಗ ಗಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಆದ್ದರಿಂದ ಅಕ್ಟೋಬರಿನದಕ್ಕಿಂತ ಜನವರಿಯದು ಸಿಹಿ. ಪ್ರತಿ ಸಲ ಹಸಿ ಚೂರೊಂದನ್ನು ಕಡಿದು ನೋಡಿ, ಆಮೇಲೆ ಸಕ್ಕರೆ ತೂಗಿ. ಸಕ್ಕರೆ ಅಗ್ಗವಾಗುವ ಮುಂಚೆ ಯುರೋಪಿನ ಅಡುಗೆಮನೆಗಳಲ್ಲಿ ಸಿಹಿತಿಂಡಿಗೆ ಪಾರ್ಸ್‌ನಿಪ್ ಬೀಳುತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಾಳೆಹಣ್ಣು ಬರುವುದು ನಿಂತಾಗ ಇದನ್ನೇ ಬೇಯಿಸಿ ಮಸೆದು, ಬಾಳೆಯ ಎಸೆನ್ಸ್ ಹನಿಸಿ, ಬ್ರೆಡ್ಡಿಗೆ ಹಚ್ಚಿ ಮಕ್ಕಳಿಗೆ ಕೊಟ್ಟರು. ಈಗ ಇಲ್ಲಿಯ ಹೆಚ್ಚಿನ ಮನೆಗಳಲ್ಲಿ ಕ್ರಿಸ್‌ಮಸ್ ಊಟಕ್ಕೆ ಎಣ್ಣೆ ಸವರಿ ಓವನ್‌ನಲ್ಲಿ ಹುರಿಯುವುದಷ್ಟೇ ಉಳಿದಿದೆ. ನನ್ನ ಕೇಳಿದರೆ ಆ ಗಡ್ಡೆಗೆ ಅದು ಸಾಲದು.

ಕೊಳ್ಳುವಾಗ ಮಧ್ಯಮ ಗಾತ್ರದ್ದು ಆರಿಸಿ, ಮೇಲ್ತುದಿ ನಾಲ್ಕೈದು ಸೆಂಟಿಮೀಟರ್ ಅಗಲ ಇದ್ದರೆ ಸಾಕು. ದೊಡ್ಡದರ ನಡುವೆ ದಂಟಿನಂಥ ನಾರಿರುತ್ತದೆ. ಉದ್ದಕ್ಕೆ ನಾಲ್ಕು ಸೀಳಿ ಆ ದಿಂಡನ್ನು ತೆಗೆದುಬಿಡಿ, ಎಷ್ಟು ಬೇಯಿಸಿದರೂ ಅದು ಮೆತ್ತಗಾಗದು. ಬಗ್ಗಿಸಿದರೆ ಬಳುಕುವುದು ಹಳೆಯದು. ಪೂರ್ವ ಯುರೋಪಿನವರ ಅಂಗಡಿಗಳಲ್ಲಿ ಪಾರ್ಸ್ಲಿ ಬೇರು ಅಂತ ಇದರ ತದ್ರೂಪಿ ಸಿಗುತ್ತದೆ. ಪಾರ್ಸ್‌ನಿಪ್‌ಗೆ ಎಲೆ ಹುಟ್ಟುವ ಜಾಗ ಗುಳಿಬಿದ್ದಿರುತ್ತದೆ, ಪಾರ್ಸ್ಲಿ ಬೇರಿಗೆ ಉಬ್ಬಿರುತ್ತದೆ. ಫ್ರಿಜ್‌ನಲ್ಲಿ ಸೇಬಿನ ಪಕ್ಕ ಇಡಬೇಡಿ, ಕಹಿಯಾಗುತ್ತದೆ. ಮುಂದೆಂದಾದರೂ ತೋಟದ ತುಂಡು ಬಾಡಿಗೆಗೆ ಹಿಡಿದು ಬೆಳೆದರೆ ಕೈಗವಸು ಹಾಕಿಕೊಳ್ಳಿ: ಎಲೆಯ ರಸ ಮೈಗೆ ತಾಗಿ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ.

ಕೆಡುವುದು ಹೆಚ್ಚಾಗಿ ನೀರಿನಿಂದ. ಬೆಂದ ತಿರುಳು ಹಾಕುವ ಪುಡ್ಡಿಂಗಿಗೆ ಪಾರ್ಸ್‌ನಿಪ್ಪನ್ನು ನೀರಲ್ಲಿ ಮುಳುಗಿಸಿ ಬೇಯಿಸಬಾರದು. ನೀರು ಹೀರಿಕೊಂಡ ತಿರುಳು ಆಮೇಲೆ ಓವನ್‌ನಲ್ಲಿ ಅದನ್ನು ಬಿಡುತ್ತದೆ, ತಳದಲ್ಲಿ ಕೆರೆ. ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟು 15 ನಿಮಿಷ ಬೇಯಿಸಿ, ತಟ್ಟೆಯಲ್ಲಿ ಹರಡಿ ಹತ್ತು ನಿಮಿಷ ಆವಿ ಹೋಗಲು ಬಿಡಿ. ಮಸೆಯುವುದು ಕೈಯಿಂದಲೇ. ಮಿಕ್ಸಿಗೆ ಹಾಕಿ ಗರಗರ ತಿರುಗಿಸಿದರೆ ಪಿಷ್ಟ ಬಿಚ್ಚಿಕೊಂಡು ಗೋಂದಾಗುತ್ತದೆ. ನಾರು ಕಂಡರೆ ಜರಡಿಯಲ್ಲಿ ಒತ್ತಿ.

ಆಫೀಸಿಗೆ ಹಬೆಯದೇ ಒಳ್ಳೆಯದು. ಆರು ಜನಕ್ಕೆ ಎರಡು ಪಿಂಟ್, ಅಂದರೆ 1.1 ಲೀಟರ್‌ನ ಪುಡ್ಡಿಂಗ್ ಬೋಗುಣಿ ಬೇಕು. ಪ್ಲಾಸ್ಟಿಕ್ಕಿನದು ಮುಚ್ಚಳ ಸಮೇತ ಸಿಗುತ್ತದೆ, ಪಿಂಗಾಣಿಯದಾದರೆ ದಾರ ಕಟ್ಟಬೇಕು. ಸಾಮಾನು ಇಷ್ಟು: ಸಣ್ಣಗೆ ತುರಿದ ಹಸಿ ಪಾರ್ಸ್‌ನಿಪ್ 150 ಗ್ರಾಂ, ಸೆಲ್ಫ್ ರೈಸಿಂಗ್ ಹಿಟ್ಟು 150 ಗ್ರಾಂ, ಮೆತ್ತಗಿನ ಬೆಣ್ಣೆ 125 ಗ್ರಾಂ, ತಿಳಿ ಕಂದು ಸಕ್ಕರೆ 100 ಗ್ರಾಂ (ಜನವರಿಯ ಗಡ್ಡೆಗೆ 85 ಸಾಕು), ಮೊಟ್ಟೆ ಎರಡು, ಶುಂಠಿ ಪುಡಿ ಒಂದು ಟೀ ಚಮಚ, ಕಾಲು ಜಾಯಿಕಾಯಿ ತುರಿದದ್ದು, ಒಂದು ಕಿತ್ತಳೆಯ ಸಿಪ್ಪೆಯ ತುರಿ, ಚಿಟಿಕೆ ಉಪ್ಪು. ಬೋಗುಣಿಯ ತಳಕ್ಕೆ ಗೋಲ್ಡನ್ ಸಿರಪ್ (ಸಕ್ಕರೆಯ ಗಟ್ಟಿ ಪಾಕ) ಮೂರು ದೊಡ್ಡ ಚಮಚ. ಸೆಲ್ಫ್ ರೈಸಿಂಗ್ ಅಂದರೆ ಬೇಕಿಂಗ್ ಪೌಡರ್ ಬೆರೆಸಿಯೇ ಬರುವ ಮೈದಾ. ಮನೆಯಲ್ಲಿ ಬರೀ ಮೈದಾ ಇದ್ದರೆ 150 ಗ್ರಾಂಗೆ ಎರಡು ಟೀ ಚಮಚ ಬೇಕಿಂಗ್ ಪೌಡರ್ ಹಾಕಿ ಎರಡು ಸಲ ಜರಡಿ ಹಿಡಿಯಿರಿ. ಬಟ್ಟಲಿನ ಅಳತೆ ಇಲ್ಲಿ ನಡೆಯದು, ಅಡುಗೆಮನೆಯ ತಕ್ಕಡಿಯೊಂದನ್ನು ಕೊಂಡುಬಿಡಿ.

ಬೆಣ್ಣೆ ಸಕ್ಕರೆಯನ್ನು ಬಣ್ಣ ತಿಳಿಯಾಗುವವರೆಗೆ ನಾಲ್ಕೈದು ನಿಮಿಷ ಕಡೆಯಿರಿ. ಮೊಟ್ಟೆ ಒಂದೊಂದಾಗಿ ಹಾಕಿ; ಒಡೆದ ಹಾಗೆ ಕಂಡರೆ ಒಂದು ಚಮಚ ಹಿಟ್ಟು ಸೇರಿಸಿ, ಸರಿಹೋಗುತ್ತದೆ. ಹಿಟ್ಟು, ಮಸಾಲೆ ಹಾಕಿ ಮೆಲ್ಲಗೆ ಮಗುಚಿ. ಪಾರ್ಸ್‌ನಿಪ್ ತುರಿಯುವುದು ಈಗ, ಮೊದಲೇ ಅಲ್ಲ. ತುರಿದು ಇಟ್ಟರೆ ಕಪ್ಪಾಗುತ್ತದೆ, ಸಕ್ಕರೆ ತಾಗಿದರೆ ನೀರೊಡೆಯುತ್ತದೆ. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ, ವಡೆ ಹಿಟ್ಟಿಗಿಂತ ಸಡಿಲ. ಬಿಗಿ ಅನಿಸಿದರೆ ಒಂದೆರಡು ಚಮಚ ಹಾಲು. ಬೆಣ್ಣೆ ಸವರಿದ ಬೋಗುಣಿಗೆ ಸಿರಪ್ ಹುಯ್ದು ಹಿಟ್ಟು ತುಂಬಿ, ಮೇಲೆ ಮೂರು ಸೆಂಟಿಮೀಟರ್ ಜಾಗ ಬಿಡಿ.

ಮುಚ್ಚುವ ಕಾಗದಕ್ಕೆ ನೆರಿಗೆ ಹಿಡಿಯಬೇಕು. ಬೇಕಿಂಗ್ ಕಾಗದ ಒಳಗೆ, ಫಾಯಿಲ್ ಹೊರಗೆ, ಎರಡನ್ನೂ ಸೇರಿಸಿ ನಡುವೆ ಎರಡು ಬೆರಳಗಲ ಒಂದೇ ನೆರಿಗೆ ಮಡಚಿ ಬೋಗುಣಿಯ ಕಂಠಕ್ಕೆ ದಾರ ಬಿಗಿಯಿರಿ. ಹಿಟ್ಟು ಉಬ್ಬಿದಾಗ ಆ ನೆರಿಗೆ ಬಿಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಕಾಗದ ಹರಿದು ನೀರು ಒಳಗಿಳಿದು ಮೇಲ್ಭಾಗ ಗಂಜಿಯಾಗುತ್ತದೆ. ದಾರದ್ದೇ ಒಂದು ಹಿಡಿ ಕಟ್ಟಿಕೊಂಡರೆ ಎತ್ತಲು ಸುಲಭ. ದೊಡ್ಡ ಪಾತ್ರೆಯ ತಳಕ್ಕೆ ಸಣ್ಣ ತಟ್ಟೆ ಬೋರಲು ಹಾಕಿ ಅದರ ಮೇಲೆ ಬೋಗುಣಿ ಇಟ್ಟು, ಅರ್ಧದೆತ್ತರಕ್ಕೆ ಕುದಿಯುವ ನೀರು ಹುಯ್ಯಿರಿ. ನಿಮ್ಮ ಪ್ರೆಷರ್ ಕುಕ್ಕರೂ ಆದೀತು, ಇಡ್ಲಿಗೆ ಇಡುವ ಹಾಗೆ ವೆಯ್ಟ್ ಇಲ್ಲದೆ. ಸಣ್ಣ ಉರಿಯಲ್ಲಿ ಒಂದೂಮುಕ್ಕಾಲು ಗಂಟೆ. ಮೊದಲ ಮುಕ್ಕಾಲು ಗಂಟೆ ಮುಚ್ಚಳ ತೆಗೆಯಬೇಡಿ, ಕುಸಿಯುತ್ತದೆ. ಆಮೇಲೆ ಅರ್ಧ ಗಂಟೆಗೊಮ್ಮೆ ನೀರು ನೋಡಿ, ಕಡಿಮೆಯಾದರೆ ಕೆಟಲ್‌ನಿಂದ ಕುದಿನೀರೇ ಸೇರಿಸಿ, ತಣ್ಣೀರು ಬೇಡ. ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು. ಇಳಿಸಿ ಹತ್ತು ನಿಮಿಷ ಬಿಟ್ಟು ತಟ್ಟೆಗೆ ಬೋರಲು ಹಾಕಿ. ಅಂದ ಹಾಗೆ, ಅಷ್ಟು ಹೊತ್ತು ಹಬೆ ಏಳುವಾಗ ಚಳಿ ಅಂತ ಕಿಟಕಿ ಬಿಗಿದು ಕೂರಬೇಡಿ. ಆ ಆವಿ ತಣ್ಣನೆ ಗೋಡೆಗೆ ಕೂತು ಬೂಷ್ಟು ಹಿಡಿದರೆ ಬಾಡಿಗೆ ಮನೆಯ ಡಿಪಾಸಿಟ್‌ಗೆ ಸಂಚಕಾರ.

ಮೊಟ್ಟೆ ಬೇಡದವರಿಗೆ ಎರಡು ಮೊಟ್ಟೆಯ ಬದಲು ಗಟ್ಟಿ ಮೊಸರು 120 ಗ್ರಾಂ, ಅಡಿಗೆ ಸೋಡಾ ಕಾಲು ಟೀ ಚಮಚ. ಸೋಡಾವನ್ನು ಹಿಟ್ಟಿಗೇ ಬೆರೆಸಿ, ಮೊಸರು ಸೇರಿದ ಕೂಡಲೇ ಹಬೆಗಿಡಿ, ತಡವಾದರೆ ಗಾಳಿ ಹೋಗಿ ಗಟ್ಟಿಯಾಗುತ್ತದೆ. ತುಸು ಒತ್ತೊತ್ತಾಗಿ ಬರುತ್ತದೆ, ಕಡುಬಿನ ಕಡೆಗೇ ವಾಲುತ್ತದೆ, ರುಚಿಗೆ ಮೋಸವಿಲ್ಲ. ಅಂಗಡಿಯ ಪುಡ್ಡಿಂಗ್ ಕೊಳ್ಳುವಾಗ ಸೂಯೆಟ್ ಅನ್ನುವ ಪದ ಓದಿ: ಅದು ದನದ ಕೊಬ್ಬು. ತರಕಾರಿ ಸೂಯೆಟ್ ಬೇರೆಯೇ ಪೊಟ್ಟಣದಲ್ಲಿ ಸಿಗುತ್ತದೆ, ಅದು ಸಾಮಾನ್ಯವಾಗಿ ತಾಳೆ ಎಣ್ಣೆ ಮತ್ತು ಹಿಟ್ಟಿನದು.

ಓವನ್ನಿನ ಸಿಹಿಗೆ ನಮ್ಮ ಗಿಣ್ಣಿನ ಗುಣ. ಹಬೆಯಲ್ಲಿ ಬೆಂದು ಆರಿದ ತಿರುಳು 300 ಗ್ರಾಂ, ಮೊಟ್ಟೆ ಮೂರು, ಸಿಂಗಲ್ ಕ್ರೀಮ್ 250 ಮಿಲಿ, ಸಕ್ಕರೆ 60 ಗ್ರಾಂ, ನಿಂಬೆಸಿಪ್ಪೆಯ ತುರಿ, ಒಂದಿಷ್ಟು ಜಾಪತ್ರೆ. ಕಲಸಿ ಒಂದು ಲೀಟರ್ ಹಿಡಿಯುವ ಪಾತ್ರೆಗೆ ಹುಯ್ದು, ಅದನ್ನು ಬಿಸಿನೀರಿನ ತಟ್ಟೆಯಲ್ಲಿ ಕೂರಿಸಿ 160 ಡಿಗ್ರಿಯಲ್ಲಿ 40ರಿಂದ 45 ನಿಮಿಷ. ಫ್ಯಾನ್ ಓವನ್ ಆದರೆ 140. ನಡುವೆ ಇನ್ನೂ ತುಸು ಅಲುಗುವಾಗಲೇ ತೆಗೆಯಿರಿ, ಆರುತ್ತ ಗಟ್ಟಿಯಾಗುತ್ತದೆ. ಹೆಚ್ಚು ಬೆಂದ ಗಿಣ್ಣು ತೂತುಬಿದ್ದು ನೀರು ಬಿಡುತ್ತದಲ್ಲ, ಇದೂ ಹಾಗೆಯೇ.

ಖಾರದ್ದಕ್ಕೆ ಬರೋಣ. ಪಾರ್ಸ್‌ನಿಪ್ಪಿನ ಸಿಹಿಯನ್ನು ಉಪ್ಪೊಂದೇ ಹಿಡಿಯದು, ಸಾಸಿವೆ ಮೆಣಸಿನ ಚುರುಕು ಬೇಕು. ನಿಮ್ಮ ಸಾಂಬಾರಿನಲ್ಲಿ ಹುಣಸೆಯೂ ಸೋತದ್ದು ಅದಕ್ಕೇ. 600 ಗ್ರಾಂ ಪಾರ್ಸ್‌ನಿಪ್ ಹಬೆಯಲ್ಲಿ ಬೇಯಿಸಿ ಮಸೆದುಕೊಳ್ಳಿ. 40 ಗ್ರಾಂ ಬೆಣ್ಣೆಯಲ್ಲಿ 30 ಗ್ರಾಂ ಮೈದಾವನ್ನು ಒಂದು ನಿಮಿಷ ಹುರಿದು, 250 ಮಿಲಿ ಹಾಲನ್ನು ಸ್ವಲ್ಪಸ್ವಲ್ಪವೇ ಹುಯ್ದು ಗಂಟಿಲ್ಲದಂತೆ ಗಟ್ಟಿ ಸಾಸ್ ಮಾಡಿ. ಒಲೆಯಿಂದ ಇಳಿಸಿ ಹುಳಿ ಚೆಡ್ಡರ್ ಚೀಸ್ 120 ಗ್ರಾಂ, ಇಂಗ್ಲಿಷ್ ಮಸ್ಟರ್ಡ್ ಒಂದು ಟೀ ಚಮಚ, ಒರಟಾಗಿ ಕುಟ್ಟಿದ ಕಾಳುಮೆಣಸು, ಬೇಕಿದ್ದರೆ ಹುರಿದ ಜೀರಿಗೆ. ಒಲೆಯ ಮೇಲೇ ಚೀಸ್ ಕುದಿಸಿದರೆ ದಾರದಾರವಾಗಿ ಎಣ್ಣೆ ಬಿಡುತ್ತದೆ. ತಿರುಳನ್ನೂ ಎರಡು ಮೊಟ್ಟೆಯ ಹಳದಿಯನ್ನೂ ಬೆರೆಸಿ, ಬಿಳಿಯನ್ನು ನೊರೆ ಬರಿಸಿ ಕೊನೆಗೆ ಮಗುಚಿ. ಓವನ್‌ನಲ್ಲಿ 200 ಡಿಗ್ರಿ, ಫ್ಯಾನ್ ಆದರೆ 180, ಅರ್ಧ ಗಂಟೆಯಿಂದ 35 ನಿಮಿಷ. ಮೊಟ್ಟೆ ಇಲ್ಲದೆ ಬೇಕಾದರೆ ಒಳಗೆ 60 ಗ್ರಾಂ ಬ್ರೆಡ್ ಪುಡಿ, ಮೇಲೆ ಬೆಣ್ಣೆಯಲ್ಲಿ ಕಲಸಿದ ಬ್ರೆಡ್ ಪುಡಿ 40 ಗ್ರಾಂ. ಉಬ್ಬುವುದಿಲ್ಲ, ಆದರೆ ಚಮಚದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಚೀಸಿನ ಮೇಲೆ ಸಸ್ಯಾಹಾರಿ ಎಂದು ಬರೆದಿದೆಯೇ ನೋಡಿ, ಕೆಲವಕ್ಕೆ ಕರುವಿನ ಹೊಟ್ಟೆಯ ಹೆಪ್ಪು ಹಾಕಿರುತ್ತಾರೆ.

ಕಣಕ ಹೊದಿಸಿ ಹಬೆಯಲ್ಲಿ ಬೇಯಿಸುವ ಖಾರದ ಪುಡ್ಡಿಂಗೂ ಉಂಟು. 200 ಗ್ರಾಂ ಸೆಲ್ಫ್ ರೈಸಿಂಗ್ ಹಿಟ್ಟಿಗೆ ಅರ್ಧ ತೂಕ ತರಕಾರಿ ಸೂಯೆಟ್, ಸುಮಾರು 130 ಮಿಲಿ ತಣ್ಣೀರು. ಕಾಲು ಭಾಗ ಮುಚ್ಚಳಕ್ಕೆ ಇಟ್ಟು ಉಳಿದದ್ದನ್ನು ಬೋಗುಣಿಯೊಳಗೆ ಹಾಸಿ, ಪಾರ್ಸ್‌ನಿಪ್, ಲೀಕ್ (ಈರುಳ್ಳಿ ಜಾತಿಯ ತರಕಾರಿ), ಅಣಬೆಯ ಗಟ್ಟಿ ಪಲ್ಯ ತುಂಬಿ ಎರಡು ಗಂಟೆ ಹಬೆ. ಪಲ್ಯ ಪೂರ್ತಿ ತಣ್ಣಗಿರಬೇಕು. ಬಿಸಿಯಾಗಿದ್ದರೆ ಹಿಟ್ಟು ಬೇಯುವ ಮೊದಲೇ ಕೊಬ್ಬು ಕರಗಿ ಕಣಕ ಕಲ್ಲಾಗುತ್ತದೆ.

ಹಲ್ವ ಆಗುತ್ತದೆಯೇ ಅಂದರೆ, ಆಗುತ್ತದೆ, ಕ್ಯಾರೆಟ್ಟಿನ ಲೆಕ್ಕದಲ್ಲಲ್ಲ. ಇದರಲ್ಲಿ ನೀರು ಕಡಿಮೆ, ಪಿಷ್ಟ ಹೆಚ್ಚು. 500 ಗ್ರಾಂ ತುರಿಗೆ ನೀಲಿ ಮುಚ್ಚಳದ (ಕೆನೆ ತೆಗೆಯದ) ಹಾಲು 350 ಮಿಲಿ, ಸಕ್ಕರೆ 70 ಗ್ರಾಂ ಮೀರಬೇಡಿ. ಮೂರು ಚಮಚ ತುಪ್ಪದಲ್ಲಿ ಹತ್ತು ನಿಮಿಷ ಹುರಿದೇ ಹಾಲು ಹಾಕಿ, ಹಸಿ ಘಾಟು ಅಲ್ಲಿಯೇ ಹೋಗಬೇಕು. ಬಣ್ಣ ಕೆಂಪಾಗದು, ಕೆನೆಗಂದು. ಎರಡೆಳೆ ಕೇಸರಿ ಹಾಕಿದರೆ ಕಣ್ಣಿಗೂ ಹಬ್ಬ.

ಹಬೆಯ ಪುಡ್ಡಿಂಗನ್ನು ಹಿಂದಿನ ದಿನವೇ ಮಾಡಿಡಬಹುದು. ಆಫೀಸಿನ ಮೈಕ್ರೋವೇವ್‌ನಲ್ಲಿ ಒಂದೊಂದು ಹೋಳನ್ನು 40 ಸೆಕೆಂಡ್ ಬಿಸಿ ಮಾಡಿ, ಡಬ್ಬಿಯ ಕಸ್ಟರ್ಡ್ ಹುಯ್ದರೆ ಸಾಕು. ಫಾಯಿಲ್ ಮಾತ್ರ ಒಳಗೆ ಹೋಗಬಾರದು. ಪಾತ್ರೆಯ ಮೇಲೆ ಚೀಟಿಯಲ್ಲಿ ಗೋಧಿ, ಹಾಲು ಎಂದು ಬರೆದು ಅಂಟಿಸಿ, ಮೊಟ್ಟೆ ಹಾಕಿದ್ದರೆ ಅದನ್ನೂ ಬರೆಯಿರಿ. ಖಾರದ್ದು ಒಯ್ದರೆ ಸಾಸಿವೆಯನ್ನು ಮರೆಯಬೇಡಿ, ಇಲ್ಲಿಯ ಅಲರ್ಜಿಯ 14 ಪದಾರ್ಥಗಳ ಪಟ್ಟಿಯಲ್ಲಿ ಅದೂ ಸೇರಿದೆ.